ಉಂಗುರದ ಕಥೆ ತೆರೆಗೆ ಬಂದಾಗ ಉಳಿದದ್ದೆಷ್ಟು?

ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ, ವರ್ಷಕ್ಕೊಂದರಂತೆ, ಅದನ್ನು ಮೂರು ಚಿತ್ರಗಳಾಗಿ ತೆರೆಗೆ ತಂದರು. ಕೊನೆಯ ಚಿತ್ರಕ್ಕೆ 11 ಆಸ್ಕರ್ ಬಂದವು. ಪ್ರಶಸ್ತಿಗಳ ಗದ್ದಲ ಎಂದೋ ಮುಗಿಯಿತು, ಕಾದಂಬರಿಯನ್ನು ಹಚ್ಚಿಕೊಂಡವರ ನಡುವಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಜಾಕ್ಸನ್ ಚಿತ್ರಗಳು ಟೋಲ್ಕಿನ್ ಕಾದಂಬರಿಗೆ ನ್ಯಾಯ ಸಲ್ಲಿಸಿವೆಯೇ? ಇಬ್ಬರು ಓದುಗರ ವಾದ ಇಲ್ಲಿದೆ.

ಪರ: ಮಾತು ಜಾಗ ಬದಲಿಸಿತು, ಜೀವ ಉಳಿಯಿತು

ಉಂಗುರದ ಮೋಹಕ್ಕೆ ಸಿಕ್ಕಿ ಕೆಟ್ಟ ಗೊಲ್ಲಮ್‌ನಿಂದಲೇ ಶುರುಮಾಡುತ್ತೇನೆ. ಕಾದಂಬರಿಯಲ್ಲಿ, ಉಂಗುರವನ್ನು ನಾಶಮಾಡಲು ಹೊರಟ ಕುಳ್ಳ ಹಾಬಿಟ್ ಫ್ರೋಡೋನ ಜೊತೆಗಾರ ಸ್ಯಾಮ್‌ಗೆ ಮಾರ್ಡೋರ್ ಹಾದಿಯಲ್ಲಿ ಮಲಗಿದ್ದಾಗ ಎಚ್ಚರವಾಗುತ್ತದೆ. ಗೊಲ್ಲಮ್ ತನ್ನೊಳಗಿನ ಸ್ಮೀಗಲ್ ಜೊತೆ ವಾದಕ್ಕಿಳಿದಿರುವುದು ಅವನ ಕಿವಿಗೆ ಬೀಳುತ್ತದೆ. ಎರಡನೆಯ ಚಿತ್ರ ಇದನ್ನು ಹೇಗೆ ತೋರಿಸುತ್ತದೆ ನೋಡಿ. ಕ್ಯಾಮೆರಾ ಮೊದಲು ಒಂದೇ ಮುಖದ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಸರಿಯುತ್ತದೆ. ಆಮೇಲೆ ನೇರವಾಗಿ ಕಟ್ ಆಗತೊಡಗುತ್ತದೆ, ಇಬ್ಬರು ಎದುರುಬದುರು ಕೂತು ಮಾತಾಡಿದ ಹಾಗೆ. ಒಬ್ಬ ಹಲ್ಲು ಕಡಿಯುತ್ತಾನೆ, ಇನ್ನೊಬ್ಬ ಕಣ್ಣಗಲಿಸಿ ಹೆದರುತ್ತಾನೆ. ಇಬ್ಬರೂ ಆಂಡಿ ಸರ್ಕಿಸ್ ಅವರೇ. ಕಂಪ್ಯೂಟರ್ ಕಟ್ಟಿದ ಆ ಬಡಕಲು ಮೈಯ ಹಿಂದೆ ಒಬ್ಬ ನಟನ ಉಸಿರು, ಬೆನ್ನಿನ ಬಾಗು, ಗಂಟಲಿನ ಕರಕರ ಎಲ್ಲ ಇದೆ. ಕಾದಂಬರಿಯ ನಡುಮನೆಯಲ್ಲಿರುವ ಪ್ರಶ್ನೆ ಒಂದೇ: ಕೆಟ್ಟವನೊಬ್ಬ ಮತ್ತೆ ಒಳ್ಳೆಯವನಾಗಬಹುದೇ? ಪುಟ ತೆರೆಯದ ಕೋಟ್ಯಂತರ ಜನರಿಗೆ ಆ ಪ್ರಶ್ನೆ ಎದೆಗೆ ನಾಟುವ ಹಾಗೆ ಮಾಡಿದ್ದು ಈ ದೃಶ್ಯ. ನ್ಯಾಯ ಸಲ್ಲಿಸುವುದು ಎಂದರೆ ನನ್ನ ಪಾಲಿಗೆ ಇದೇ.

ಸಾವಿರ ಪುಟ ದಾಟುವ ಕಥೆ ಅದು. ಜಾಕ್ಸನ್ ಮೊದಲು ಕೈಜೋಡಿಸಿದ್ದ ಮಿರಾಮ್ಯಾಕ್ಸ್ ಸಂಸ್ಥೆ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಮುಗಿಸಿ ಎಂದಿತ್ತು. ಅವರು ಒಪ್ಪಲಿಲ್ಲ. ನ್ಯೂಲೈನ್ ಸಂಸ್ಥೆ ಮೂರು ಚಿತ್ರಕ್ಕೆ ಹೂಂ ಎಂದ ಮೇಲೆ ಮೂರನ್ನೂ ಒಟ್ಟಿಗೇ ಚಿತ್ರೀಕರಿಸಿದರು. ಇಷ್ಟು ಹಠ ಹಿಡಿದವರನ್ನು ಪುಸ್ತಕದ ಮೇಲೆ ಅಕ್ಕರೆ ಇಲ್ಲದವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಟೋಲ್ಕಿನ್ ಲೋಕವನ್ನು ವರ್ಷಗಟ್ಟಲೆ ಚಿತ್ರಿಸಿದ್ದ ಅಲನ್ ಲೀ ಮತ್ತು ಜಾನ್ ಹೌ ಅವರನ್ನೇ ಕರೆಸಿ ಆ ಊರು, ಕೋಟೆ, ಬಾಗಿಲುಗಳಿಗೆ ರೂಪ ಕೊಡಿಸಿದರು. ಮಟಮಟಾ ಬಳಿಯ ಕುರಿ ಸಾಕಣೆಯ ಜಮೀನಿನಲ್ಲಿ ಹಾಬಿಟನ್ ಕಟ್ಟಿದಾಗ, ಶೂಟಿಂಗ್‌ಗೆ ಬಹಳ ಮೊದಲೇ ಗಿಡ ನೆಟ್ಟು, ಅವು ಬೇರು ಬಿಟ್ಟು ಚಿಗುರಲಿ ಎಂದು ಕಾದರು. ತೆರೆಯ ಮೇಲೆ ಆ ಹಿತ್ತಿಲುಗಳು ತಲೆಮಾರುಗಳಿಂದ ಯಾರೋ ನೋಡಿಕೊಂಡು ಬಂದವು ಎನ್ನಿಸುವುದು ಅದಕ್ಕೇ.

ಇನ್ನು ಕತ್ತರಿ ಆಡಿಸಿದ ಜಾಗಗಳು. ಉಂಗುರಕ್ಕೂ ಜಗ್ಗದ ಕಾಡಿನವನು ಟಾಮ್ ಬಾಂಬಡಿಲ್ ಎಲ್ಲಿ ಎಂದು ಕೇಳುವವರಿಗೆ ಒಂದು ಮಾತು: 1978ರ ರಾಲ್ಫ್ ಬಕ್ಷಿ ಅವರ ಅನಿಮೇಷನ್ ಚಿತ್ರದಲ್ಲೂ ಅವನಿಲ್ಲ, 1981ರ ಬಿಬಿಸಿ ರೇಡಿಯೊ ನಾಟಕದಲ್ಲೂ ಇಲ್ಲ. ಉಂಗುರ ಎಂಥವರನ್ನೂ ಕೆಡಿಸುತ್ತದೆ ಎಂಬ ಭಯವನ್ನು ನೋಡುಗನಲ್ಲಿ ಆಗಷ್ಟೇ ಹುಟ್ಟಿಸಿ, ಮರುಗಳಿಗೆಗೆ ಅದನ್ನು ಬೆರಳಿಗೆ ಹಾಕಿಕೊಂಡು ನಗುವವನನ್ನು ತಂದರೆ ಆ ಭಯ ಸೋರಿಹೋಗುತ್ತದೆ. ಓದುಗನಿಗೆ ವಾರಗಟ್ಟಲೆ ಸಮಯವಿದೆ, ಅವನು ತಡೆದುಕೊಳ್ಳುತ್ತಾನೆ. ಮೂರು ಗಂಟೆ ಕತ್ತಲಲ್ಲಿ ಕೂತವನಿಗೆ ಅಷ್ಟು ಪುರುಸೊತ್ತಿಲ್ಲ.

ಬಿಟ್ಟದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಜಾಗ ಬದಲಿಸಿ ಉಳಿಸಿಕೊಂಡದ್ದು. ಗೊಲ್ಲಮ್ ಮೇಲಿನ ಕರುಣೆಯ ಬಗ್ಗೆ ಮಾಂತ್ರಿಕ ಗ್ಯಾಂಡಾಲ್ಫ್ ಆಡುವ ಮಾತು ಪುಸ್ತಕದಲ್ಲಿ ಎರಡನೆಯ ಅಧ್ಯಾಯದಲ್ಲೇ, ಫ್ರೋಡೋನ ಮನೆಯಲ್ಲಿ, ಬರುತ್ತದೆ. ಫ್ರಾನ್ ವಾಲ್ಶ್, ಫಿಲಿಪಾ ಬೋಯೆನ್ಸ್ ಮತ್ತು ಜಾಕ್ಸನ್ ಸೇರಿ ಬರೆದ ಚಿತ್ರಕಥೆ ಅದನ್ನು ಮೋರಿಯಾದ ಗುಹೆಗೆ ಒಯ್ದಿತು. ಅಲ್ಲಿ ಗೊಲ್ಲಮ್ ಕೆಳಗೆಲ್ಲೋ ತೆವಳುತ್ತ ಹಿಂಬಾಲಿಸುತ್ತಿರುವುದು ನಮಗೆ ಕಂಡಿದೆ. ಎದುರಿಗೇ ಇರುವವನ ಬಗ್ಗೆ ಆಡಿದಾಗ ಆ ಮಾತಿನ ತೂಕವೇ ಬೇರೆ. ಕೊನೆಯ ಅಧ್ಯಾಯದಲ್ಲಿ ಫ್ರೋಡೋನ ಹಡಗು ಕಾಣುವ ದಡದ ವರ್ಣನೆ, ಚಿತ್ರದಲ್ಲಿ ಮುತ್ತಿಗೆಯ ನಡುವೆ ಸಾವಿಗೆ ಹೆದರಿದ ಹಾಬಿಟ್ ಪಿಪ್ಪಿನ್‌ಗೆ ಗ್ಯಾಂಡಾಲ್ಫ್ ಹೇಳುವ ಸಾಂತ್ವನವಾಗುತ್ತದೆ. ಪುಸ್ತಕವನ್ನು ಬಾಯಿಪಾಠ ಮಾಡಿದವರಷ್ಟೇ ಹೀಗೆ ಮಾಡಬಲ್ಲರು.

ದಾರಿಯಲ್ಲಿ ಎದುರಾಗುವ ಸೇನಾನಿ ಫರಮೀರ್ ವಿಷಯಕ್ಕೆ ಎಲ್ಲರೂ ಸಿಟ್ಟಾಗುತ್ತಾರೆ. ಪುಸ್ತಕದಲ್ಲಿ ಅವನಿಗೆ ಉಂಗುರದ ಆಸೆಯೇ ಇಲ್ಲ, ಚಿತ್ರದಲ್ಲಿ ಫ್ರೋಡೋನನ್ನು ಹಿಡಿದು ಓಸ್ಗಿಲಿಯಾತ್‌ಗೆ ಎಳೆದೊಯ್ಯುತ್ತಾನೆ. ಇಲ್ಲಿ ಕಾಲಕ್ರಮದ ತೊಡಕೊಂದಿದೆ. ಎರಡನೆಯ ಸಂಪುಟ ಮುಗಿಯುವುದು ಶೆಲಾಬ್ ಜೇಡದ ಬಿಲದಲ್ಲಿ. ಆದರೆ ಕಥೆಯ ದಿನಗಳನ್ನು ಲೆಕ್ಕ ಹಾಕಿದರೆ ಆ ಘಟನೆ ಮೂರನೆಯ ಸಂಪುಟದ ಯುದ್ಧದ ದಿನಗಳಿಗೇ ಸೇರಿದ್ದು. ಅದನ್ನು ಮೂರನೆಯ ಚಿತ್ರಕ್ಕೆ ಸರಿಸಿದ ಮೇಲೆ ಎರಡನೆಯದರಲ್ಲಿ ಫ್ರೋಡೋನ ಎಳೆಗೆ ತುದಿ ಬೇಕಲ್ಲ? ಜೊತೆಗೆ, ಅಪ್ಪನ ಕಣ್ಣಿಗೆ ಬೀಳಬೇಕೆಂದು ಹಪಹಪಿಸುವ ಮಗ ಆ ಆಸೆಯನ್ನು ಗೆದ್ದು ಫ್ರೋಡೋನನ್ನು ಬಿಟ್ಟುಕಳಿಸುವುದು ಸಣ್ಣ ಗೆಲುವಲ್ಲ.

ಹಾಬಿಟ್‌ಗಳ ನಾಡಾದ ಶೈರ್‌ನ ಧ್ವಂಸದ ಅಧ್ಯಾಯ ಇಲ್ಲ ಎನ್ನುವವರು ಹಸಿರು ಡ್ರ್ಯಾಗನ್ ಹೋಟೆಲಿನ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು. ಯುದ್ಧದಿಂದ ಮರಳಿದ ನಾಲ್ವರು ಹಾಬಿಟ್‌ಗಳು ಮೇಜಿನ ಸುತ್ತ ಸುಮ್ಮನೆ ಕೂತಿದ್ದಾರೆ. ಸುತ್ತಲಿನವರಿಗೆ ಒಂದು ದೊಡ್ಡ ಕುಂಬಳಕಾಯಿಯೇ ಸಂಭ್ರಮ. ಕಂಡದ್ದನ್ನು ಯಾರಿಗೂ ಹೇಳಲಾಗದವರ ಸಂಕಟ ಅಲ್ಲಿ ಒಂದು ಮಾತೂ ಇಲ್ಲದೆ ಬಂದಿದೆ. ಮೊದಲ ಮಹಾಯುದ್ಧದ ಸೋಮ್ ಕದನದಿಂದ ಮರಳಿದ ಟೋಲ್ಕಿನ್‌ಗೆ ಆ ಮೌನದ ಪರಿಚಯವಿತ್ತು.

ವಿರೋಧ: ಕಥೆ ಉಳಿಯಿತು, ಅದರ ಧರ್ಮ ಬದಲಾಯಿತು

ಹೊವರ್ಡ್ ಶೋರ್ ಸಂಗೀತ ಕೇಳಿದರೆ ನನಗೂ ರೋಮಾಂಚನವಾಗುತ್ತದೆ. ಸರ್ಕಿಸ್ ಅಭಿನಯದ ಬಗ್ಗೆಯೂ ನನಗೆ ತಕರಾರಿಲ್ಲ. ನನ್ನ ದೊಡ್ಡ ದೂರು ಇರುವುದು ಅದೇ ಗೊಲ್ಲಮ್‌ಗೆ ಆದ ಅನ್ಯಾಯದ ಬಗ್ಗೆ.

ಕಿರಿತ್ ಉಂಗೋಲ್ ಮೆಟ್ಟಿಲುಗಳ ಮೇಲೆ ಕಾದಂಬರಿಯಲ್ಲಿ ಏನಾಗುತ್ತದೆ? ದಣಿದ ಫ್ರೋಡೋ ಸ್ಯಾಮ್‌ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಾನೆ, ಸ್ಯಾಮ್‌ಗೂ ಜೊಂಪು ಹತ್ತಿದೆ. ಇಬ್ಬರನ್ನೂ ಜೇಡದ ಬಾಯಿಗೆ ಕೊಡುವ ಹುನ್ನಾರ ಮುಗಿಸಿಕೊಂಡು ಗೊಲ್ಲಮ್ ಮರಳುತ್ತಾನೆ. ಆ ನಿದ್ದೆಯನ್ನು ನೋಡಿ ಅವನಲ್ಲಿ ಏನೋ ಕರಗುತ್ತದೆ. ನಡುಗುವ ಕೈ ಚಾಚಿ ಫ್ರೋಡೋನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಆ ಗಳಿಗೆಯಲ್ಲಿ ಅವನು ಬರೀ ಬಳಲಿದ, ನೆಂಟರಿಷ್ಟರನ್ನು ಕಳೆದುಕೊಂಡ ಮುದಿ ಹಾಬಿಟ್. ಅಷ್ಟರಲ್ಲಿ ಸ್ಯಾಮ್ ಎಚ್ಚೆತ್ತು ಒರಟಾಗಿ ಗದರಿಬಿಡುತ್ತಾನೆ. ಬಾಗಿಲು ಮುಚ್ಚಿಹೋಗುತ್ತದೆ, ಶಾಶ್ವತವಾಗಿ. ಇಡೀ ಕಥೆಯಲ್ಲಿ ಅತ್ಯಂತ ದುರಂತದ ಗಳಿಗೆ ಬಹುಶಃ ಇದೇ ಎಂದು ಟೋಲ್ಕಿನ್ ಒಂದು ಪತ್ರದಲ್ಲಿ ಬರೆದಿದ್ದಾರೆ. ಒಳ್ಳೆಯವನ ಒಳ್ಳೆಯ ಕಾಳಜಿಯೇ ಇನ್ನೊಬ್ಬನ ಪಶ್ಚಾತ್ತಾಪವನ್ನು ಕೊಂದಿತು. ಇಂಥ ಸೂಕ್ಷ್ಮ ಎಷ್ಟು ಕಾದಂಬರಿಗಳಲ್ಲಿ ಸಿಗುತ್ತದೆ?

ಚಿತ್ರದಲ್ಲಿ ಇದು ಇಲ್ಲ. ಅದರ ಜಾಗದಲ್ಲಿ ಗೊಲ್ಲಮ್ ಬುತ್ತಿಯ ರೊಟ್ಟಿಯನ್ನು ಎಸೆದು, ತುಣುಕುಗಳನ್ನು ಸ್ಯಾಮ್‌ನ ಬಟ್ಟೆಯ ಮೇಲೆ ಉದುರಿಸಿ, ಕಳ್ಳತನದ ಆರೋಪ ಹೊರಿಸುತ್ತಾನೆ. ಫ್ರೋಡೋ ಅದನ್ನು ನಂಬಿ ಸ್ಯಾಮ್‌ಗೆ ಮನೆಗೆ ಹೋಗು ಎನ್ನುತ್ತಾನೆ. ಪುಸ್ತಕದಲ್ಲಿ ಫ್ರೋಡೋ ಹೀಗೆ ಎಂದೂ ಹೇಳುವುದಿಲ್ಲ, ಜೇಡದ ಬಿಲಕ್ಕೆ ಇಬ್ಬರೂ ಜೊತೆಯಾಗಿಯೇ ಕಾಲಿಡುತ್ತಾರೆ. ಸಮಯದ ಅಭಾವ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಇರುವುದನ್ನು ಬಿಟ್ಟು, ಅಷ್ಟೇ ಸಮಯ ತಿನ್ನುವ ಇಲ್ಲದ್ದನ್ನು ಹೊಸೆದಿದ್ದಾರೆ. ಕರುಣೆಯ ಮಾತನ್ನು ಮೋರಿಯಾಕ್ಕೆ ಸರಿಸಿ ಉಳಿಸಿದರು ಎಂದು ಮೆಚ್ಚುವವರು, ಆ ಕರುಣೆ ಫಲಿಸಲು ಹೋಗಿ ಮುರಿದುಬಿದ್ದ ಜಾಗ ಏನಾಯಿತು ಎಂದೂ ಕೇಳಬೇಕು.

ಫರಮೀರ್‌ಗೆ ಆದದ್ದೂ ಇದೇ. ಉಂಗುರ ದಾರಿಯಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುವುದಿಲ್ಲ ಎನ್ನುವವನು ಕಾದಂಬರಿಯ ಫರಮೀರ್. ಅವನಿಗೆ ಆಸೆಯಾಗದಿದ್ದರೆ ಉಂಗುರದ ಶಕ್ತಿ ಕುಗ್ಗಿದಂತೆ ಕಾಣುತ್ತದೆ ಎಂಬುದು ಚಿತ್ರಕಥೆ ಬರೆದವರ ವಿವರಣೆ. ನನಗೆ ಅದು ತಲೆಕೆಳಗಾದ ತರ್ಕ. ಅಣ್ಣ ಬೊರೊಮಿರ್ ಸೋತದ್ದನ್ನು ಓದಿದವನಿಗೆ, ತಮ್ಮ ಸೋಲದೆ ನಿಂತದ್ದನ್ನು ಕಂಡಾಗಲೇ ಎರಡರ ಬೆಲೆಯೂ ತಿಳಿಯುವುದು. ಒಳ್ಳೆಯತನವನ್ನು ನಂಬಿಸಲು ಮೊದಲು ಅದನ್ನು ಕೆಡಿಸಿ ತೋರಿಸಬೇಕು ಎಂಬ ಸಿನಿಮಾ ನಿಯಮವನ್ನು ಟೋಲ್ಕಿನ್ ಒಪ್ಪಿದವರಲ್ಲ. ಕಥೆಯ ತರ್ಕಕ್ಕೂ ಪೆಟ್ಟು ಬಿದ್ದಿದೆ. ಓಸ್ಗಿಲಿಯಾತ್‌ನ ಗೋಡೆಯ ಮೇಲೆ ಫ್ರೋಡೋ ಶತ್ರುವಿನ ದೂತ ನಾಜ್ಗೂಲ್ ಎದುರಿಗೇ ಉಂಗುರ ಹಿಡಿದು ನಿಲ್ಲುತ್ತಾನೆ. ಉಂಗುರ ಎಲ್ಲಿದೆ ಎಂದು ಅದರ ಒಡೆಯ ಸೌರಾನ್‌ಗೆ ತಿಳಿಯಬಾರದು ಎಂಬುದರ ಮೇಲೆಯೇ ಇಡೀ ಯೋಜನೆ ನಿಂತಿದೆಯಲ್ಲವೇ?

ಕತ್ತರಿ ಪ್ರಯೋಗವನ್ನೇ ನಾನು ವಿರೋಧಿಸುತ್ತೇನೆ ಎಂದುಕೊಳ್ಳಬೇಡಿ. ಟೋಲ್ಕಿನ್ ಕೂಡ ವಿರೋಧಿಸಿರಲಿಲ್ಲ. 1958ರಲ್ಲಿ, ತಮ್ಮ ಮುಂದೆ ಬಂದಿದ್ದ ಒಂದು ಅನಿಮೇಷನ್ ಚಿತ್ರದ ಕಥಾರೂಪವನ್ನು ಸಾಲುಸಾಲಾಗಿ ತಿದ್ದುತ್ತ ಅವರು ಹೇಳಿದ ಒಂದು ಮಾತು ನನಗೆ ಬಹಳ ಮುಖ್ಯ. ಎಂಟ್ ಎಂಬ ಮರದ ಜೀವಿಗಳಿಗೂ ಹಾರ್ನ್‌ಬರ್ಗ್ ಕೋಟೆಯ ಕದನಕ್ಕೂ ಸಾಕಷ್ಟು ಜಾಗ ಇಲ್ಲವೆಂದರೆ ಕದನವನ್ನೇ ಕೈಬಿಡಿ, ಮುಖ್ಯ ಕಥೆಗೆ ಅದು ಆನುಷಂಗಿಕ ಎಂದರು. ಹೆಲ್ಮ್ಸ್ ಡೀಪ್‌ನ ಆ ಕದನ ಪುಸ್ತಕದಲ್ಲಿ ಒಂದೇ ಅಧ್ಯಾಯ. ಜಾಕ್ಸನ್ ಅದನ್ನು ಎರಡನೆಯ ಚಿತ್ರದ ಶಿಖರ ಮಾಡಿದರು, ಪುಸ್ತಕದಲ್ಲಿ ಇಲ್ಲದ ಎಲ್ಫ್ ದಂಡನ್ನೂ ಅಲ್ಲಿಗೆ ಕರೆತಂದರು. ಇತ್ತ ಎಂಟ್‌ಗಳು ಯುದ್ಧ ಬೇಡವೆಂದು ಸಭೆ ಮುಗಿಸುತ್ತವೆ, ಆಮೇಲೆ ಪಿಪ್ಪಿನ್‌ನ ಒಂದು ಉಪಾಯಕ್ಕೆ ಸಿಕ್ಕಿ ಹೊರಡುತ್ತವೆ. ಪುಸ್ತಕದ ಎಂಟ್‌ಗಳು ತಾವೇ ಯೋಚಿಸಿ, ತಾವೇ ಸಿಟ್ಟೆದ್ದು ನಡೆದವು. ಲೇಖಕ ಯಾವುದನ್ನು ಉಳಿಸಿ ಎಂದರೋ ಅದು ಸೊರಗಿತು, ಯಾವುದನ್ನು ಬಿಡಿ ಎಂದರೋ ಅದು ಉಬ್ಬಿತು. ಈ ಚಿತ್ರಗಳು ಪುಸ್ತಕದ ಕರುಳನ್ನೇ ತೆಗೆದು ಹರೆಯದವರ ಹೊಡೆದಾಟದ ಸಿನಿಮಾ ಮಾಡಿವೆ ಎಂದು ಮಗ ಕ್ರಿಸ್ಟೋಫರ್ ಟೋಲ್ಕಿನ್ 2012ರಲ್ಲಿ ಫ್ರಾನ್ಸಿನ ‘ಲ ಮೋಂದ್’ ಪತ್ರಿಕೆಗೆ ಹೇಳಿದ್ದು ಕಟುವಾಗಿ ಕಂಡರೂ ಸುಳ್ಳಲ್ಲ. ತಂದೆಯ ಹಸ್ತಪ್ರತಿಗಳ ಸಂಪಾದನೆಗೇ ಬದುಕು ತೆತ್ತವರ ನೋವು ಅದು.

ಬಾಂಬಡಿಲ್ ಹೋದದ್ದು ನನಗೆ ಅಷ್ಟು ಚುಚ್ಚಿಲ್ಲ. ಅವನೊಡನೆ ಹೋದ ಒಂದು ಕತ್ತಿ ಚುಚ್ಚುತ್ತದೆ. ಬ್ಯಾರೋ ದಿಬ್ಬಗಳ ಗೋರಿಯಿಂದ ಬಾಂಬಡಿಲ್ ತೆಗೆದುಕೊಟ್ಟ ಕತ್ತಿ, ನಾಜ್ಗೂಲ್‌ಗಳ ಮುಖ್ಯಸ್ಥನಾದ ಮಾಟಗಾರ ಅರಸನ ವಿರುದ್ಧ ಹೋರಾಡುತ್ತಿದ್ದವರು ಎಷ್ಟೋ ಶತಮಾನಗಳ ಹಿಂದೆ ಬಡಿದದ್ದು. ಅದೇ ಕತ್ತಿ ಹಾಬಿಟ್ ಮೆರಿಯ ಕೈಯಲ್ಲಿ ಆ ಅರಸನ ಮೊಣಕಾಲಿನ ನರ ಸೀಳುತ್ತದೆ. ಸತ್ತವರ ಕೆಲಸ ಕೊನೆಗೂ ಕೈಗೂಡಿತು. ಚಿತ್ರದ ಮೆರಿಯ ಕೈಯಲ್ಲಿರುವುದಕ್ಕೆ ಇಂಥ ಹಿನ್ನೆಲೆ ಯಾವುದೂ ಇಲ್ಲ. ಚಿತ್ರದಲ್ಲಿ ಅದೇ ಯುದ್ಧದ ಬಯಲಿಗೆ ಹಸಿರು ಹೊಗೆಯಂಥ ಪ್ರೇತಗಳ ದಂಡು ಬಂದು ನಿಮಿಷಗಳಲ್ಲಿ ಯುದ್ಧ ಮುಗಿಸಿಬಿಡುತ್ತದೆ. ಪುಸ್ತಕದಲ್ಲಿ ಪ್ರೇತಗಳ ಕೆಲಸ ಪೆಲಾರ್ಗಿರ್ ಬಂದರಿನಲ್ಲೇ ಮುಗಿಯುತ್ತದೆ, ಹಡಗುಗಳಲ್ಲಿ ಬಂದು ಕಾದಾಡುವವರು ದಕ್ಷಿಣದ ಊರುಗಳ ಬದುಕಿರುವ ಜನ. ಕುದುರೆ ನಾಡಿನವರು ಅಷ್ಟೊಂದು ಪ್ರಾಣ ತೆತ್ತ ಮೇಲೆ ದೆವ್ವಗಳು ಬಂದು ಗೆಲ್ಲಿಸುವುದಾದರೆ ಆ ಸಾವುಗಳಿಗೆ ಏನು ಬೆಲೆ?

ಕೊನೆಗೆ ಶೈರ್. ಈ ಅಧ್ಯಾಯ ಮೊದಲಿನಿಂದಲೂ ಕಥೆಯ ಅಗತ್ಯ ಭಾಗವಾಗಿ ತನ್ನ ಕಣ್ಣೆದುರಿಗಿತ್ತು ಎಂದು ಟೋಲ್ಕಿನ್ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಬಾಲ್ಯದ ಹಳ್ಳಿಗಾಡು ತನಗೆ ಹತ್ತು ತುಂಬುವ ಮೊದಲೇ ಹಾಳಾದದ್ದನ್ನೂ, ಮೊದಲ ಮಹಾಯುದ್ಧ ಆಪ್ತ ಗೆಳೆಯರಲ್ಲಿ ಒಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ನುಂಗಿದ್ದನ್ನೂ ಅದೇ ಮುನ್ನುಡಿಯಲ್ಲಿ ನೆನೆಯುತ್ತಾರೆ. ಕಾದಂಬರಿಯಲ್ಲಿ ನಾಲ್ವರೂ ಮರಳುವ ಹೊತ್ತಿಗೆ ಮರಗಳು ಉರುಳಿವೆ, ಕೊಳಕು ಕಾರುವ ಗಿರಣಿ ಎದ್ದಿದೆ, ಹಾಬಿಟ್‌ಗಳೇ ಹಾಬಿಟ್‌ಗಳ ಮೇಲೆ ಚಾಡಿ ಹೇಳುತ್ತಿದ್ದಾರೆ. ಕೇಡು ಮಾರ್ಡೋರ್‌ನಲ್ಲಷ್ಟೇ ಇರಲಿಲ್ಲ, ನೆರೆಹೊರೆಯವರೂ ಅದಕ್ಕೆ ಕೈಜೋಡಿಸಿದ್ದರು. ಬೈವಾಟರ್ ಕದನದಲ್ಲಿ 19 ಹಾಬಿಟ್‌ಗಳು ಸಾಯುತ್ತಾರೆ. ಫ್ರೋಡೋ ಕತ್ತಿ ಹಿರಿಯುವುದಿಲ್ಲ. ಶರಣಾದವರ ಮೇಲೆ ಯಾರೂ ಕೈ ಮಾಡದಂತೆ ಅಡ್ಡ ನಿಲ್ಲುತ್ತಾನೆ, ತನಗೇ ಇರಿಯಲು ಬಂದ ಕೆಟ್ಟ ಮಾಂತ್ರಿಕ ಸರುಮಾನ್‌ನನ್ನೂ ಬಿಟ್ಟುಕಳಿಸಲು ಹೇಳುತ್ತಾನೆ. ಗೊಲ್ಲಮ್‌ನಿಂದ ಕಲಿತ ಕರುಣೆ ಅವನಲ್ಲಿ ಪೂರ್ತಿ ಹಣ್ಣಾದದ್ದು ಇಲ್ಲಿ.

ಕುಂಬಳಕಾಯಿಯ ದೃಶ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದು ಹೇಳುವುದು ಊರು ಇದ್ದ ಹಾಗೇ ಇದೆ, ಬದಲಾದವರು ನಾವು ಎಂದು. ಟೋಲ್ಕಿನ್ ಹೇಳಿದ್ದು ಊರೂ ಉಳಿಯಲಿಲ್ಲ ಎಂದು. ಮೆರಿ, ಪಿಪ್ಪಿನ್ ಇಬ್ಬರೂ ಊರು ಬಿಡಿಸಿದ ವೀರರಾಗಿ ಮೆರೆಯುತ್ತಾರೆ, ಫ್ರೋಡೋನನ್ನು ಕೇಳುವವರಿಲ್ಲ. ಸ್ವಂತ ನೆಲದಲ್ಲೇ ಯಜಮಾನನಿಗೆ ಇಷ್ಟು ಕಡಿಮೆ ಮರ್ಯಾದೆಯೇ ಎಂದು ಸ್ಯಾಮ್ ನೊಂದುಕೊಳ್ಳುತ್ತಾನೆ. ಚಿತ್ರದ ಫ್ರೋಡೋ ಹಡಗು ಹತ್ತುವುದು ಹಳೆಯ ಗಾಯದ ನೋವಿಗೆ. ಕಾದಂಬರಿಯ ಫ್ರೋಡೋಗೆ ಆ ಗಾಯವೂ ಇತ್ತು. ಅದರ ಜೊತೆಗೆ, ತಾನು ಉಳಿಸಿದ ಊರಿನಲ್ಲಿ ತನಗೇ ಜಾಗವಿಲ್ಲ ಎಂಬ ಅರಿವೂ ಇತ್ತು. ಮೂರನೆಯ ಚಿತ್ರ ಮೂರು ಗಂಟೆ ಇಪ್ಪತ್ತು ನಿಮಿಷ ಓಡುತ್ತದೆ, ಮುಗಿಯಿತು ಎನ್ನಿಸಿದ ಮೇಲೂ ಒಂದಾದ ಮೇಲೊಂದು ಮುಕ್ತಾಯ ತರುತ್ತದೆ. ಅಷ್ಟು ಮುಕ್ತಾಯಗಳ ಬದಲು ಈ ಒಂದನ್ನು ಇಟ್ಟಿದ್ದರೆ ನಾನು ಚಿತ್ರಗಳ ಪರವಾಗಿಯೇ ಬರೆಯುತ್ತಿದ್ದೆ.