‘ನಾಳೆ ಬಾ’ ಎಂದು ಬರೆದ ಬಾಗಿಲು

ರೋಣ ತಾಲ್ಲೂಕಿನ ಅಸೂಟಿಯಂಥ ಎರೆನಾಡಿನ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ನಡೆಯುವ ಮಾತುಗಳನ್ನು ನಮ್ಮ ವಾಚಕರು ಸಹಜವಾಗಿ ಊಹಿಸಬಲ್ಲರು. ಹೆಸರಿನ ಫಸಲು ಮಳೆಗೆ ಸಿಕ್ಕಿತೇ, ಉಳ್ಳಾಗಡ್ಡಿಗೆ ಪೇಟೆಯಲ್ಲಿ ಏನು ಧಾರಣೆ, ಸೊಸಾಯಿಟಿಯ ಸಾಲದ ಕಂತು ಎಂದಿಗೆ, ಗೋವೆಗೆ ದುಡಿಯಲು ಹೋದ ಮಗನ ಫೋನು ಬಂದಿತೇ, ಮಗಳನ್ನು ನೋಡಿಹೋದವರು ಏನೆಂದರು, ಇವು ಬಾಯಿಗೆ ಬರುವ ಚಿಂತೆಗಳು. ಬಾಯಿಗೆ ಬಾರದ ಚಿಂತೆಗಳು ಬೇರೆ ಇವೆ. ಮದುವೆಯಾಗಿ ಆರು ತಿಂಗಳಾದ ಸೊಸೆಯು ಊಟವನ್ನೇಕೆ ಬಿಟ್ಟಿದ್ದಾಳೆ? ವರ್ಷಕ್ಕೆರಡು ಸಲ ಊರಿಗೆ ಬರುವ ಗಂಡನನ್ನು ಕಂಡರೆ ಆಕೆಯ ಮೋರೆ ಏಕೆ ಬಾಡುತ್ತದೆ? ಹತ್ತನೆಯ ಇಯತ್ತೆಯನ್ನು ಮುಗಿಸಿದ ಹುಡುಗಿಯು ಮೊಬೈಲನ್ನು ತಲೆದಿಂಬಿನ ಕೆಳಗೆ ಏಕೆ ಇಡುತ್ತಾಳೆ? ಈ ಪ್ರಶ್ನೆಗಳನ್ನು ತಾಯಿಯು ತಂದೆಗೆ ಕೇಳುವುದಿಲ್ಲ. ತಂದೆಯು ಮಗಳಿಗೆ ಕೇಳುವುದಿಲ್ಲ. ನಾಳೆ ನೋಡೋಣವೆಂದು ದೀಪವನ್ನು ಆರಿಸುತ್ತಾರೆ.

ಆ ಮೊಬೈಲಿನಲ್ಲಿ ಏನಿದೆಯೆಂದು ತೆಗೆದು ನೋಡಿದ ಹಿರಿಯರು ಇತ್ತೀಚೆಗೆ ಹೌಹಾರುತ್ತಿರುವರು. ರಾತ್ರಿಯಲ್ಲಿ ಎದ್ದು ಬರುವ ಚೆಲುವ ಪಿಶಾಚಿಗಳು, ಹುಡುಗಿಯರ ಕೊರಳಿಗೆ ಹಲ್ಲೂರಿ ರಕ್ತ ಹೀರುವ ಪ್ರಿಯಕರರು, ಮುಚ್ಚುಮರೆಯಿಲ್ಲದ ಶೃಂಗಾರ. ಇದು ಪರದೇಶದ ಹೊಲಸೆಂದೂ, ಸರಕಾರವು ಕೂಡಲೆ ನಿಲ್ಲಿಸತಕ್ಕದ್ದೆಂದೂ ಅವರ ಅಭಿಪ್ರಾಯವು. ಹಿರಿಯರ ಕಳವಳವನ್ನು ನಾವು ಹಗುರಾಗಿ ಎಣಿಸಲಾರೆವು. ಆದರೆ ತೀರ್ಪು ಕೊಡುವ ಮುನ್ನ ಈ ಕಥೆಗಳು ಹೇಳುವುದೇನು, ನಮ್ಮ ಮಕ್ಕಳು ಅವುಗಳಲ್ಲಿ ಹುಡುಕುವುದೇನು ಎಂಬುದನ್ನು ವಿಚಾರಿಸುವುದು ಸುಜ್ಞರ ಕರ್ತವ್ಯವೆಂದು ನಮಗೆ ತೋರುತ್ತದೆ.

ಬ್ರಾಮ್ ಸ್ಟೋಕರನು ‘ಡ್ರಾಕುಲಾ’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದು ೧೮೯೭ರಲ್ಲಿ. ಸ್ತ್ರೀಪುರುಷರ ಸಂಬಂಧವನ್ನು ಕುರಿತು ನೇರವಾಗಿ ಬರೆಯಲು ಶಕ್ಯವಿಲ್ಲದ ಆ ಕಾಲದಲ್ಲಿ, ಕೊರಳ ಮೇಲಿನ ಹಲ್ಲಿನ ಗುರುತು ಎಷ್ಟೋ ಮಾತುಗಳನ್ನು ಮರೆಯಿಂದ ಹೇಳಿತು. ಅದೇ ಮರೆಯನ್ನು ಮುಂದೆ ದೂರದರ್ಶನದ ಧಾರಾವಾಹಿಗಳು ಬಳಸಿಕೊಂಡವು. ಅಮೇರಿಕೆಯಲ್ಲಿ ೧೯೯೭ರಿಂದ ೨೦೦೩ರ ವರೆಗೆ ನಡೆದ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಎಂಬ ಧಾರಾವಾಹಿಯ ನಾಯಕಿಯು ಒಬ್ಬ ಶಾಲಾಬಾಲಿಕೆ. ಶಾಪದಿಂದ ಆತ್ಮವನ್ನು ಮರಳಿ ಪಡೆದು ಸಾಧುವಾದ ಏಂಜಲ್ ಎಂಬ ಪಿಶಾಚಿಯನ್ನು ಆಕೆ ಪ್ರೀತಿಸುತ್ತಾಳೆ. ಹದಿನೇಳು ತುಂಬಿದ ದಿನದ ರಾತ್ರಿ ಇಬ್ಬರೂ ಕೂಡುವರು. ಬೆಳಗಾಗುವುದರೊಳಗೆ ಅವನ ಆತ್ಮವು ಹಾರಿಹೋಗಿರುತ್ತದೆ. ನಿನ್ನೆಯ ಪ್ರೇಮಿಯು ಇಂದು ಅವಳನ್ನು ಹೀಯಾಳಿಸಿ ನಗುತ್ತಾನೆ. ಪಿಶಾಚಿಯ ವೇಷವನ್ನು ಕಳಚಿ ನೋಡಿದರೆ ಇದು ನಂಬಿ ಕೆಟ್ಟ ಯಾವ ಊರಿನ ಯಾವ ಹುಡುಗಿಯ ಕಥೆಯಾದರೂ ಆದೀತು. ಇನ್ನೊಂದು ಸಂಗತಿಯನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ನಡೆದ ವಿಷಯವು ಬಫಿಯ ತಾಯಿಗೆ ತಿಳಿಯುವುದು ಮಗಳ ಬಾಯಿಂದಲ್ಲ, ಆ ಪಿಶಾಚಿಯ ಬಾಯಿಂದಲೇ. ಮನೆಯಲ್ಲಿ ಆಡದೆ ಉಳಿದ ಮಾತನ್ನು ವೈರಿಯು ಬಂದು ಆಡುತ್ತಾನೆ.

ಇಂಥ ಕಥೆಗಳು ಪರದೇಶದವೆಂದು ನಾವು ಬೀಗುವಂತಿಲ್ಲ. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿಯೂ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನಮ್ಮ ವಾಚಕರಲ್ಲಿ ಹಲವರು ಕಣ್ಣಾರೆ ಕಂಡಿರುವರು. ರಾತ್ರಿ ಒಬ್ಬ ಹೆಣ್ಣುದೆವ್ವವು ಬಂಧುಗಳ ದನಿಯಲ್ಲಿ ಕೂಗುವಳೆಂದೂ, ಬಾಗಿಲು ತೆರೆದವರು ಉಳಿಯರೆಂದೂ ವದಂತಿ. ಆಕೆ ಮದುಮಗಳೆಂದೂ, ಗಂಡನನ್ನು ಹುಡುಕುತ್ತ ಮನೆಯ ಗಂಡಸನ್ನು ಒಯ್ಯುವಳೆಂದೂ ಕೆಲವೆಡೆ ಹೇಳುತ್ತಿದ್ದರು. ಬಾಗಿಲ ಮೇಲಿನ ಬರಹವನ್ನು ಓದಿ ಆಕೆ ಹಿಂದಿರುಗುವಳು. ಮರುದಿನ ಬಂದರೂ ಅದೇ ಉತ್ತರ. ೨೦೧೮ರ ‘ಸ್ತ್ರೀ’ ಎಂಬ ಹಿಂದೀ ಚಿತ್ರವು ಇದೇ ವದಂತಿಯ ಎಳೆಯನ್ನು ಹಿಡಿದು ಹೆಣೆದದ್ದು. ಒಲವು ಸಿಗದ ಹೆಣ್ಣು ನ್ಯಾಯ ಕೇಳಲು ಬಾಗಿಲು ಬಡಿದರೆ, ‘ನಾಳೆ ಬಾ’ ಎಂದು ಮನೆಯು ಉತ್ತರ ಕೊಟ್ಟಿತು! ನಮ್ಮ ಗೃಹಜೀವನದ ಒಂದು ದೊಡ್ಡ ದೋಷವು ಆ ಎರಡು ಶಬ್ದಗಳಲ್ಲಿ ಅಡಗಿದೆ.

ಹಾಗೆಂದು ಧಾರಾವಾಹಿಗಳೆಲ್ಲವೂ ನಿರ್ದೋಷವೆಂದು ನಾವು ಹೇಳುವುದಿಲ್ಲ. ೨೦೦೯ರಿಂದ ೨೦೧೭ರ ವರೆಗೆ ನಡೆದ ‘ದಿ ವ್ಯಾಂಪೈರ್ ಡೈರೀಸ್’ನಲ್ಲಿ ೧೮೬೪ರಲ್ಲಿ ಪಿಶಾಚಿಯಾದವನು ಇಂದಿನ ಶಾಲೆಗೆ ಸೇರಿ ಹದಿಹರೆಯದ ಹುಡುಗಿಯನ್ನು ಪ್ರೀತಿಸುವನು. ಅವನ ಅಣ್ಣ ಡೇಮನ್ ದೃಷ್ಟಿಮಾತ್ರದಿಂದ ಪರರ ಮನಸ್ಸನ್ನು ವಶಮಾಡಿಕೊಳ್ಳಬಲ್ಲನು. ಒಬ್ಬ ಹುಡುಗಿಯನ್ನು ಹೀಗೆ ವಶಮಾಡಿಕೊಂಡು ಬೇಕಾದಂತೆ ಬಳಸುವನು. ಇಂಥವನನ್ನೇ ಕಥೆಯು ಮುಂದೆ ಮನಮೆಚ್ಚಿನ ನಾಯಕನನ್ನಾಗಿ ಮಾಡುತ್ತದೆ. ವಶಮಾಡಿಕೊಂಡು ಪಡೆದದ್ದು ಸಮ್ಮತಿಯಲ್ಲ ಎಂಬ ವಿವೇಕವನ್ನು ಎಳೆಯ ಮನಸ್ಸಿಗೆ ಪಕ್ಕದಲ್ಲಿ ಕುಳಿತು ಹೇಳುವವರು ಬೇಕು. ಇದೇ ಕಥೆಗಳಲ್ಲಿ ಇನ್ನೊಂದು ನೇಮವೂ ಉಂಟು: ಮನೆಯವರು ಒಳಗೆ ಬಾ ಎಂದು ಕರೆಯದ ಹೊರತು ಪಿಶಾಚಿಯು ಹೊಸ್ತಿಲನ್ನು ದಾಟಲಾರದು. ಪಿಶಾಚಿಗೂ ಅನುಮತಿ ಬೇಕು. ಕೈಹಿಡಿದ ಗಂಡನಿಗೆ ಬೇಡವೇ? ಈ ಒಂದು ಮಾತನ್ನು ತಂದೆಯು ಮಗನಿಗೆ ಹೇಳಿದರೆ ಸಾಕು, ಧಾರಾವಾಹಿಯ ವಿಷವು ಅರ್ಧ ಇಳಿದೀತು.

ಆದರೆ ಹೇಳುವವರೆಲ್ಲಿ? ಹದಿಹರೆಯದವರ ಶಿಕ್ಷಣಕ್ಕೆಂದು ಕೇಂದ್ರ ಸರಕಾರವು ಸಿದ್ಧಪಡಿಸಿದ ಪಾಠಕ್ರಮವನ್ನು ೨೦೦೭ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ರಾಜ್ಯಗಳೊಡನೆ ನಮ್ಮ ಕರ್ನಾಟಕವೂ ತಡೆಹಿಡಿಯಿತು. ನಮ್ಮ ಸಂಸ್ಕೃತಿಗೆ ಅದು ಒಪ್ಪದೆಂಬುದು ಆಗಿನ ಗದ್ದಲ. ಚಿತ್ರಗಳು ಸರಿಯಿಲ್ಲದಿದ್ದರೆ ತಿದ್ದಬಹುದಾಗಿತ್ತು. ಗುರುಗಳು ತೆರೆಯಬೇಕಾದ ಪುಸ್ತಕವನ್ನು ನಾವು ಮುಚ್ಚಿದೆವು; ಕೆಲವೇ ವರ್ಷಗಳಲ್ಲಿ ಮೊಬೈಲು ಹಳ್ಳಿಹಳ್ಳಿಗೆ ಬಂದಿತು. ಮಕ್ಕಳ ಪ್ರಶ್ನೆಗಳು ಮಾತ್ರ ಇದ್ದಲ್ಲಿಯೇ ಇದ್ದವು. ಉತ್ತರ ಹೇಳಲು ಪಿಶಾಚಿಯೇ ಬಂದರೆ ಅದು ಯಾರ ತಪ್ಪು?

ಇನ್ನು ನಿಜವಾದ ರಕ್ತಶೋಷಣೆಯು ಎಲ್ಲಿ ನಡೆಯುತ್ತಿದೆಯೆಂಬುದನ್ನು ಸರಕಾರದ ಅಂಕಿಗಳೇ ಹೇಳುತ್ತವೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೮ರಿಂದ ೪೯ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೪೪ ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು. ೨೦ರಿಂದ ೨೪ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೨೧ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಇಂಥ ಎಳೆಯ ಸೊಸೆಯು ಕೋಣೆಯಲ್ಲಿ ನಡೆದುದನ್ನು ಹೇಳಲಾರಳು. ಒಂದು ಅಮಾವಾಸ್ಯೆಗೆ ಕೂದಲು ಕೆದರಿ ಕೂಗಿಕೊಳ್ಳುವಳು. ಗಾಳಿ ಸೋಕಿತೆಂದು ಮನೆಯವರು ಬೇವಿನ ಬರಲನ್ನು ಹುಡುಕುವರು. ದೆವ್ವ ಬಿಡಿಸುವ ನೆವದಿಂದ ಹೊಡೆಯುವುದನ್ನು ೨೦೧೭ರಲ್ಲಿ ಅಂಗೀಕೃತವಾಗಿ ೨೦೨೦ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಕಾಯಿದೆಯು ಅಪರಾಧವೆಂದು ಸಾರಿದೆ. ಹೆಂಡತಿಯ ಮೇಲಿನ ಬಲಾತ್ಕಾರಕ್ಕಾಗಿ ಗಂಡನು ವಿಚಾರಣೆಯನ್ನು ಎದುರಿಸಬೇಕೆಂದು ೨೦೨೨ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಹೇಳಿತು. ಅದಕ್ಕೆ ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ತಡೆ ಕೊಟ್ಟಿತು. ಕಾಯಿದೆ, ನ್ಯಾಯಾಲಯಗಳು ತಮ್ಮ ಹಾದಿಯಲ್ಲಿ ನಡೆಯಲಿ. ಪಡಸಾಲೆಯ ಮಾತಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆದುದರಿಂದ ನಮ್ಮ ಸೂಚನೆಯಿಷ್ಟು. ಮೊಬೈಲನ್ನು ಕಸಿದುಕೊಂಡ ಮಾತ್ರಕ್ಕೆ ಪ್ರಶ್ನೆಯು ಸಾಯುವುದಿಲ್ಲ. ತಾಯಿಯು ಮಗಳ ಪಕ್ಕದಲ್ಲಿ ಕುಳಿತು ಒಂದು ದಿನ ಆ ಕಥೆಯನ್ನು ತಾನೂ ನೋಡಲಿ, ಆಮೇಲೆ ಮಾತನಾಡಲಿ. ತಂದೆಯು ಮಗನಿಗೆ ಗಂಡಸುತನವೆಂದರೆ ಜೋರಾವರಿಯಲ್ಲವೆಂದು ಹೇಳಲಿ. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ತೆರೆದ ‘ಸ್ನೇಹ ಕ್ಲಿನಿಕ್’ಗಳು ಫಲಕಕ್ಕೆ ಮಾತ್ರ ಇರದಂತೆಯೂ, ಅಲ್ಲಿಗೆ ಹೋದ ಹುಡುಗಿಯ ಗುಟ್ಟು ಸಂತೆಗೆ ಬೀಳದಂತೆಯೂ ಅಧಿಕಾರಿಗಳು ಲಕ್ಷ್ಯಪೂರ್ವಕವಾಗಿ ನೋಡಿಕೊಳ್ಳತಕ್ಕದ್ದು. ಶಿಕ್ಷಣ ಖಾತೆಯವರು ನಾಡಿಗೆ ಒಪ್ಪುವ ಭಾಷೆಯಲ್ಲಿ, ಆದರೆ ನಿಜವನ್ನು ಮರೆಮಾಚದೆ, ದೇಹದ ಬೆಳವಣಿಗೆ ಹಾಗೂ ಸಮ್ಮತಿಯ ಪಾಠಗಳನ್ನು ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಹೇಳಿಸಬೇಕು.

ಇಂಥ ವಿಷಯವು ಸಂಪಾದಕೀಯಕ್ಕೆ ತಕ್ಕುದೇ ಎಂದು ಕೆಲ ವಾಚಕರು ಕೇಳಬಹುದು. ಮನೆಯೊಳಗಿನ ಭೀತಿಯನ್ನು ತೊಡೆಯದೆ ನಾಡಿನ ಏಳಿಗೆಯ ಮಾತನಾಡುವುದು ನಮಗೆ ಸರಿತೋರುವುದಿಲ್ಲ. ಅಸೂಟಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಈ ರಾತ್ರಿ ಒಬ್ಬ ಮಗಳು ಏನೋ ಕೇಳಬೇಕೆಂದು ತಾಯಿಯ ಹತ್ತಿರ ಬಂದು ನಿಂತಿರಬಹುದು. ಆಕೆಗೆ ‘ನಾಳೆ ಬಾ’ ಎನ್ನಬೇಡಿರೆಂದು ನಾವು ಬಿನ್ನವಿಸುವೆವು.