ಗೋರಿಗೆ ಜಾಗ ಕೊಡದವರನ್ನು ಯಾರು ಲೆಕ್ಕಕ್ಕೆ ಹಿಡಿದರು?

2024ರ ಡಿಸೆಂಬರ್ 17ರಂದು ಕೊಯಮತ್ತೂರಿನಲ್ಲಿ ಉಗ್ರ ಸಂಘಟನೆ ಅಲ್ ಉಮ್ಮಾದ ಸ್ಥಾಪಕ ಎಸ್.ಎ. ಬಾಷಾನ ಶವಯಾತ್ರೆಗೆ ಸಾವಿರಾರು ಜನ ಸೇರಿದರು. ಅವತ್ತಿನಿಂದ ನಮ್ಮ ಟೀವಿ ಪಂಡಿತರಿಗೆ ಆ ಒಂದೇ ಚಿತ್ರ ಸಾಕಾಗಿದೆ. ಅದನ್ನು ತೋರಿಸುವುದು, "ನೋಡಿ, ಇವರ ಮನಸ್ಸು ಎಲ್ಲಿದೆ" ಎನ್ನುವುದು, ಆಮೇಲೆ ಟೋಪಿ ಹಾಕಿದ ಯಾರನ್ನೋ ಹಿಡಿದು ಕೂರಿಸಿ "ಖಂಡಿಸುತ್ತೀರೋ ಇಲ್ಲವೋ" ಎಂದು ಕಿರುಚುವುದು. ಸುನ್ನಿ ಮುಸ್ಲಿಮರ ಅಭಿಪ್ರಾಯವೇನು ಎಂಬುದನ್ನು ಈ ದೇಶ ಇನ್ನೂ ಕೇಳಿಯೇ ಇಲ್ಲವೇನೋ ಎಂಬಂತೆ ನಡೆದಿದೆ ಈ ವಿಚಾರಣೆ.

ನಾನು ಹೇಳಿಬಿಡುತ್ತೇನೆ. ಆ ಮೆರವಣಿಗೆ ತಪ್ಪು. 1998ರ ಫೆಬ್ರವರಿ 14ರ ಕೊಯಮತ್ತೂರಿನ ಸರಣಿ ಸ್ಫೋಟದಲ್ಲಿ 58 ಜನ ಸತ್ತರು. ಆ ಸಂಚಿನ ಅಪರಾಧಿಗೆ ಮನೆಮಂದಿ ಜನಾಜಾ ನಮಾಜು ಮಾಡಿ ಮಣ್ಣು ಕೊಟ್ಟಿದ್ದರೆ ಸಾಕಿತ್ತು. ಊರೇ ಹಿಂದೆ ಹೊರಡಬೇಕಿರಲಿಲ್ಲ. ಅಂದು ಅಂಗಡಿಗೆ, ಆಸ್ಪತ್ರೆಗೆ ಹೊರಟು ಮನೆಗೆ ಮರಳದವರ ಮಕ್ಕಳು ಆ ಊರಿನಲ್ಲೇ ಇದ್ದಾರೆ. ಅವರ ಕಣ್ಣೆದುರು ಆ ಶವಯಾತ್ರೆ ಹೋಯಿತು. ಅದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ.

ಆದರೆ ಅದೇ ಊರಿನಲ್ಲಿ ಅದಕ್ಕೂ ಎರಡು ವರ್ಷ ಹಿಂದೆ ನಡೆದದ್ದನ್ನು ಯಾಕೆ ತೋರಿಸುವುದಿಲ್ಲ? 2022ರ ಅಕ್ಟೋಬರ್ 23, ದೀಪಾವಳಿಯ ಹಿಂದಿನ ದಿನ ನಸುಕಿನಲ್ಲಿ, ಕೋಟೈ ಈಶ್ವರನ್ ದೇವಸ್ಥಾನದ ಮುಂದೆ ಕಾರು ಸ್ಫೋಟಗೊಂಡಿತು. ಕಾರಿನಲ್ಲಿದ್ದವನೇ ಸತ್ತ. ಅವನ ಹೆಣಕ್ಕೆ ಜಾಗ ಕೊಡಲು ಊರಿನ ಜಮಾತ್‌ಗಳು ಒಪ್ಪಲಿಲ್ಲ. ಕೊನೆಗೆ ಮಾನವೀಯತೆಯ ಮಾತಿನ ಮೇಲೆ ಒಂದು ಕಡೆ ಮಣ್ಣಾಯಿತು. ಕೆಲವೇ ದಿನಗಳಲ್ಲಿ ಜಮಾತ್‌ಗಳ ಹಿರಿಯರು ಅದೇ ದೇವಸ್ಥಾನಕ್ಕೆ ಹೋಗಿ ಅರ್ಚಕರ ಎದುರು ನಿಂತರು. ಮುಸ್ಲಿಂ ಮನೆಯಲ್ಲಿ ಮಯ್ಯತ್‌ಗೆ ಮಣ್ಣು ಕೊಡುವುದು ಇಡೀ ಊರಿನ ಮೇಲಿನ ಹೊಣೆ. ಅದನ್ನು ನಿರಾಕರಿಸುವುದಕ್ಕಿಂತ ದೊಡ್ಡ ಖಂಡನೆ ಆ ಸಮುದಾಯದಲ್ಲಿ ಇಲ್ಲವೇ ಇಲ್ಲ. ಇನ್ನೇನು ಬೇಕಿತ್ತು ನಿಮಗೆ?

ಮುಂಬಯಿಯಲ್ಲೂ ಇದನ್ನೇ ಮಾಡಿದರು. 2008ರ ನವೆಂಬರ್ 26ರ ದಾಳಿಕೋರರ ಒಂಬತ್ತು ಹೆಣಗಳಿಗೆ ಮರೀನ್ ಲೈನ್ಸ್‌ನ ಬಡಾ ಖಬರಸ್ತಾನದಲ್ಲಿ ಜಾಗವಿಲ್ಲ ಎಂದು ಜಾಮಾ ಮಸೀದಿ ಟ್ರಸ್ಟ್ ಹೇಳಿತು. ಆ ಹೆಣಗಳು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿ ಒಂದು ವರ್ಷಕ್ಕೂ ಮೀರಿ ಬಿದ್ದಿದ್ದವು. ಸಮುದ್ರದಾಚೆ ಶ್ರೀಲಂಕಾದಲ್ಲೂ ಇದೇ. 2019ರ ಈಸ್ಟರ್ ದಿನ 250ಕ್ಕೂ ಹೆಚ್ಚು ಜನರನ್ನು ಕೊಂದವರ ಹೆಣ ನಮಗೆ ಬೇಡ ಎಂದರು ಅಲ್ಲಿನ ಉಲೇಮಾಗಳು. ಅದಕ್ಕೂ ಎರಡು ವರ್ಷ ಮೊದಲೇ, 2017ರಲ್ಲಿ, ಕಾತ್ತಾನ್‌ಕುಡಿಯ ಸೂಫಿ ಸುನ್ನಿಗಳು ಆ ಗುಂಪಿನ ಮುಖಂಡ ಜಹ್ರಾನ್ ಹಾಶಿಮ್‌ನ ಮೇಲೆ ದೂರು ಕೊಟ್ಟಿದ್ದರು. ಕಿವಿಗೊಡದಿದ್ದದ್ದು ಸರ್ಕಾರ. ಸ್ಫೋಟವಾದ ಮೇಲೆ ಕಲ್ಲು ಬಿದ್ದದ್ದು ಯಾರ ಅಂಗಡಿಗೆ? ದೂರು ಕೊಟ್ಟ ಸಮುದಾಯದ ಅಂಗಡಿಗೆ.

ಈಗ ಲೆಕ್ಕಕ್ಕೆ ಬನ್ನಿ. ಐಸಿಸ್ ನಂಟಿನ ಆರೋಪದಲ್ಲಿ ಅಲ್ಲಿಯವರೆಗೆ ಬಂಧಿಸಿದ್ದು 155 ಜನರನ್ನು ಎಂದು 2019ರ ಜೂನ್‌ನಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿತು. 2011ರ ಜನಗಣತಿಯ ಪ್ರಕಾರ ಈ ದೇಶದ ಮುಸ್ಲಿಮರು 17.22 ಕೋಟಿ. ಭಾಗಿಸಿ ನೋಡಿ. ಹನ್ನೊಂದು ಲಕ್ಷಕ್ಕೊಬ್ಬ. ಅದೂ ಬಂಧಿತರ ಲೆಕ್ಕ, ಅಪರಾಧ ಸಾಬೀತಾದವರ ಲೆಕ್ಕವಲ್ಲ. ಭಟ್ಕಳ ತಾಲ್ಲೂಕಿನ ಒಟ್ಟು ಜನಸಂಖ್ಯೆ ಒಂದು ಲಕ್ಷ ಅರವತ್ತು ಸಾವಿರ ಚಿಲ್ಲರೆ. ಅಂಥ ಏಳು ತಾಲ್ಲೂಕುಗಳ ತುಂಬ ಬರೀ ಮುಸ್ಲಿಮರೇ ಇದ್ದರೂ ಸಿಗುವುದು ಒಬ್ಬ. ಹನ್ನೊಂದು ಲಕ್ಷಕ್ಕೊಬ್ಬ ಎಂಬುದು ಸಮುದಾಯದ ಮನಸ್ಸೋ, ಒಬ್ಬನ ತಲೆ ಕೆಟ್ಟದ್ದೋ?

ಕಳೆದ ತಿಂಗಳು ಚೆನ್ನೈಗೆ ಹೋದಾಗ ಪ್ಯಾರೀಸ್ ಕಾರ್ನರ್‌ನಲ್ಲಿ ಎರಡು ದಿನ ಇದ್ದೆ. ಹೈಕೋರ್ಟಿನ ಕೆಂಪು ಗೋಪುರಗಳ ಎದುರಿಂದ ಮಣ್ಣಡಿಯ ಕಡೆಗೆ ತಿರುಗಿದರೆ ಕೀಳಕ್ಕರೈಯ ಮರಕ್ಕಾಯರ್‌ಗಳು, ರಾವುತ್ತರ್‌ಗಳು, ಉರ್ದು ಮಾತಾಡುವ ದಖ್ಖನಿಗಳು, ಅವರ ನಡುವೆ ನಮ್ಮ ಭಟ್ಕಳದ ನವಾಯತರು. ಸಂಜೆಯ ನಮಾಜಿಗೆ ಅರ್ಧ ಷಟರ್ ಎಳೆದು ಹೋಗುವ ಬೀದಿ ಅದು. ಭಾರತೀಯ ಯೂನಿಯನ್ ಮುಸ್ಲಿಂ ಲೀಗ್‌ನ ಕಚೇರಿಯೂ ಅಲ್ಲೇ. ಆ ಪಕ್ಷ ಹುಟ್ಟಿದ್ದು ಇದೇ ಮದರಾಸಿನಲ್ಲಿ, 1948ರ ಮಾರ್ಚ್ 10ರಂದು. ದೇಶ ಒಡೆದು ಇನ್ನೂ ಏಳು ತಿಂಗಳಾಗಿರಲಿಲ್ಲ. ಗಂಟುಮೂಟೆ ಕಟ್ಟಿ ಹೋಗದೆ ಉಳಿದವರು, ಸಂವಿಧಾನ ಸಭೆಯ ಸದಸ್ಯ ಮಹಮ್ಮದ್ ಇಸ್ಮಾಯಿಲ್ ಸಾಹೇಬರ ಮುಂದಾಳುತನದಲ್ಲಿ, ನಮ್ಮ ಬೇಡಿಕೆಗಳನ್ನು ಇಲ್ಲೇ, ಚುನಾವಣೆಯಲ್ಲೇ ಇಡುತ್ತೇವೆ ಎಂದು ಕೂತರು. ಒಡೆದ ದೇಶದಲ್ಲಿ ಸರ್ಕಾರದ ಬಗ್ಗೆ ಸುನ್ನಿಗಳ ಅಭಿಪ್ರಾಯ ಏನೆಂಬುದಕ್ಕೆ ಅವತ್ತೇ ಉತ್ತರ ಬರೆದಾಗಿದೆ.

ಅಲ್ಲಿ ಬಟ್ಟೆ ವ್ಯಾಪಾರ ಮಾಡುವ ಭಟ್ಕಳದ ಹಿರಿಯರೊಬ್ಬರು ಚಹಾ ಕೊಡಿಸಿದರು. ಎಪ್ಪತ್ತು ದಾಟಿದವರು. ಕನ್ನಡ ಕೇಳಿದ್ದೇ ಖುಷಿಯಾಗಿ ಊರಿನ ಮಳೆ, ಮೀನಿನ ಬೆಲೆ ವಿಚಾರಿಸಿದರು. ಆಮೇಲೆ ಹೇಳಿದರು: "ಸರ್, ಯಾವ ಲಾಡ್ಜಿಗೆ ಹೋದರೂ ನಾನೀಗ ಊರಿನ ಹೆಸರು ಬರೆಯುವುದಿಲ್ಲ. ಬರೀ ಉತ್ತರ ಕನ್ನಡ ಅಂತ ಬರೆಯುತ್ತೇನೆ. ಭಟ್ಕಳ ಅಂದರೆ ಮೇಲಿಂದ ಕೆಳಗೆ ನೋಡುತ್ತಾರೆ." ಒಮ್ಮೆ ಒಂದು ಕಡೆ ಗುರುತಿನ ಚೀಟಿ ನೋಡಿ ರೂಮು ಖಾಲಿ ಇಲ್ಲ ಎಂದರಂತೆ. ಅವರ ಹಿಂದೆ ನಿಂತಿದ್ದವನಿಗೆ ಕೀಲಿ ಸಿಕ್ಕಿತಂತೆ.

ಇದು ಯಾರ ಕೆಲಸ? 2013ರ ಆಗಸ್ಟ್‌ನಲ್ಲಿ ನೇಪಾಳದ ಗಡಿಯಲ್ಲಿ ಸಿಕ್ಕ ಇಂಡಿಯನ್ ಮುಜಾಹಿದೀನ್‌ನವನ ಮನೆತನದ ಹೆಸರು ಸಿದ್ದಿಬಾಪಾ. ಪತ್ರಿಕೆಗಳಿಗೆ ಅದು ರುಚಿಸಲಿಲ್ಲ. "ಯಾಸೀನ್ ಭಟ್ಕಳ" ಎಂದರು. ಅದಕ್ಕೂ ಮೊದಲು ಅದೇ ಸಂಘಟನೆಯ, ಶಾಹಬಂದ್ರಿ ಮನೆತನದ ಅಣ್ಣತಮ್ಮಂದಿರನ್ನೂ ಹಾಗೇ ಕರೆದರು. 1912ರಿಂದ ಊರಿನ ಕೆಲಸ ನೋಡುತ್ತ ಬಂದಿರುವ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಬೇಡಿಕೊಂಡಿತು: ನಮ್ಮ ಊರಿನ ಹೆಸರನ್ನು ಬಾಂಬಿಗೆ ಅಂಟಿಸಬೇಡಿ. ಯಾರು ಕೇಳಿದರು? ಗಾಂಧಿಯನ್ನು ಕೊಂದವನಿಗೆ ಯಾರೂ "ನಾಥೂರಾಮ್ ಪುಣೆ" ಎನ್ನಲಿಲ್ಲ. ಮಲ್ಲಿಗೆಗೆ ಹೆಸರಾದ ಊರೊಂದನ್ನು ಹತ್ತು ವರ್ಷದಲ್ಲಿ ಅಪರಾಧಿಯ ಅಡ್ಡಹೆಸರು ಮಾಡಿ ಇಟ್ಟರಲ್ಲ, ಇದಕ್ಕೆ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಒಬ್ಬರಾದರೂ ತಲೆ ತಗ್ಗಿಸಿದರೇ? ಭಟ್ಕಳ ಕರ್ನಾಟಕದ ಊರು. ಅದಕ್ಕೆ ಆದ ಅವಮಾನ ಕನ್ನಡಕ್ಕೇ ಆದ ಅವಮಾನ ಎಂದು ಒಂದಾದರೂ ಕನ್ನಡ ಸಂಘ ಬೀದಿಗಿಳಿಯಬೇಕಿತ್ತು.

ಮತಪೆಟ್ಟಿಗೆಯನ್ನಾದರೂ ನಂಬುತ್ತೀರೋ? ಪಿಎಫ್‌ಐಯನ್ನು ನಿಷೇಧಿಸಿದ್ದು 2022ರ ಸೆಪ್ಟೆಂಬರ್ 28ರಂದು. ಎಂಟು ತಿಂಗಳೂ ಆಗಿರಲಿಲ್ಲ, ರಾಜ್ಯದಲ್ಲಿ ಚುನಾವಣೆ ಬಂತು. ಹಿಜಾಬಿನ ಗಾಯ ಹಸಿಯಾಗಿತ್ತು, ಮೀಸಲಾತಿ ಕಿತ್ತುಕೊಂಡ ಸಿಟ್ಟು ಇತ್ತು. ಪುತ್ತೂರಿನಲ್ಲಿ ಬೆಳ್ಳಾರೆಯ ಬಿಜೆಪಿ ಯುವ ಮುಖಂಡನ ಕೊಲೆ ಪ್ರಕರಣದ ಆರೋಪಿಯನ್ನೇ ಪಿಎಫ್‌ಐ ನಂಟಿನ ಎಸ್‌ಡಿಪಿಐ ಪಕ್ಷ ಜೈಲಿನಿಂದ ನಿಲ್ಲಿಸಿತು. ಅವನಿಗೆ ಬಿದ್ದದ್ದು ಮೂರು ಸಾವಿರಕ್ಕೂ ಕಡಿಮೆ ಮತ. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಒಂದು ಸೀಟೂ ಬರಲಿಲ್ಲ. ಕರಾವಳಿಯ ಬ್ಯಾರಿಗಳು, ಬಯಲುಸೀಮೆಯ ದಖ್ಖನಿಗಳು ಸಿಟ್ಟನ್ನು ನುಂಗಿಕೊಂಡು ಸರ್ಕಾರ ಬದಲಿಸಲು ಮತ ಹಾಕಿದರು. ಸರ್ಕಾರದ ಮೇಲಿನ ಸಿಟ್ಟು ಬೇರೆ, ಉಗ್ರರ ಮೇಲಿನ ಒಲವು ಬೇರೆ. ಇಷ್ಟು ಸರಳ ವ್ಯತ್ಯಾಸ ಗೊತ್ತಾಗದವರು ಹಗಲು ರಾತ್ರಿ ವಿಶ್ಲೇಷಕರೆಂದು ಕೂತಿದ್ದಾರೆ.

ಹಾಗಾದರೆ ಕೊಯಮತ್ತೂರಿನಲ್ಲಿ 2022ರಲ್ಲಿ ಮುಚ್ಚಿದ ಖಬರಸ್ತಾನದ ಬಾಗಿಲು 2024ರಲ್ಲಿ ಸಾವಿರಾರು ಜನರಿಗೆ ತೆರೆದದ್ದು ಹೇಗೆ? ಉತ್ತರ 1997ರಲ್ಲಿದೆ, ಆದ್ದರಿಂದಲೇ ಯಾರಿಗೂ ಬೇಡ. ಆ ನವೆಂಬರ್ 29ರಂದು ಅಲ್ ಉಮ್ಮಾದವರು ಸೆಲ್ವರಾಜ್ ಎಂಬ ಟ್ರಾಫಿಕ್ ಕಾನ್‌ಸ್ಟೆಬಲ್‌ನನ್ನು ಇರಿದು ಕೊಂದರು. ಮುಂದಿನ ದಿನಗಳಲ್ಲಿ ಪೊಲೀಸರ ಗುಂಡಿಗೆ, ಗುಂಪುಗಳ ಕೈಗೆ ಸಿಕ್ಕಿ 18 ಮುಸ್ಲಿಮರು ಸತ್ತರು. ಹನ್ನೊಂದು ವಾರದ ನಂತರ ಬಾಂಬು. ಬಾಂಬಿನ ಪ್ರಕರಣಕ್ಕೆ ವಿಶೇಷ ನ್ಯಾಯಾಲಯ ಕೂತು, 166 ಜನರ ವಿಚಾರಣೆ ನಡೆದು, 2007ರಲ್ಲಿ 158 ಜನರನ್ನು ತಪ್ಪಿತಸ್ಥರೆಂದಿತು. ಆಗಲೇಬೇಕಿತ್ತು, ಆಯಿತು. ಆ 18 ಹೆಣಗಳಿಗೆ ಅಂಥ ನ್ಯಾಯಾಲಯ ಕೂರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಕಾರು ಸಿಡಿಸಿದವನ ಹಿಂದೆ ಅಂಥ ಯಾವ ನೋವೂ ಇರಲಿಲ್ಲ, ಅವನು ಯಾರಿಗೂ ಬೇಡವಾದ. ಬಾಷಾನ ಹಿಂದೆ 18 ಹೆಣಗಳಿದ್ದವು. ಉಗ್ರನಿಗೆ ಗೌರವ ತಂದುಕೊಡುವುದು ಅವನ ಬಾಂಬಲ್ಲ, ಸರ್ಕಾರ ಮುಚ್ಚಿಟ್ಟ ಕಡತ.

ಇರಾಕಿನಲ್ಲಿ ಇದನ್ನು ಜಗತ್ತೇ ಕಂಡಿತು. 2006ರಿಂದ ಎರಡು ವರ್ಷ ಅನ್ಬಾರ್ ಪ್ರಾಂತದ ಸುನ್ನಿ ಬುಡಕಟ್ಟುಗಳೇ ಬಂದೂಕು ಹಿಡಿದು ಅಲ್ ಖೈದಾವನ್ನು ಓಡಿಸಿದವು. ಅದು ಹಬ್ಬಿದ ಮೇಲೆ ದೇಶದುದ್ದಕ್ಕೂ ಸುಮಾರು ಒಂದು ಲಕ್ಷ ಜನ ಅಂಥ ಪಡೆಗಳಲ್ಲಿದ್ದರು. ಅವರಿಗೆ ಕೆಲಸ ಕೊಡುತ್ತೇವೆಂದ ನೂರಿ ಅಲ್ ಮಾಲಿಕಿ ಸರ್ಕಾರ ಮಾತು ತಪ್ಪಿತು. 2013ರ ಏಪ್ರಿಲ್ 23ರಂದು ಹವಿಜಾದಲ್ಲಿ ಧರಣಿ ಕೂತವರ ಮೇಲೆ ಸೈನ್ಯ ನುಗ್ಗಿ ಹತ್ತಾರು ಜನರನ್ನು ಕೊಂದಿತು. ಹದಿನಾಲ್ಕು ತಿಂಗಳಿಗೆ ಮೊಸುಲ್ ಐಸಿಸ್ ಕೈಗೆ ಬಿತ್ತು. ಆಗಲೂ ಐಸಿಸ್‌ಗೆ ಎದುರು ನಿಂತ ಅಲ್ಬು ನಿಮ್ರ್ ಬುಡಕಟ್ಟಿನ ನೂರಾರು ಸುನ್ನಿಗಳು ಸಾಲಾಗಿ ನಿಂತು ಗುಂಡಿಗೆ ಬಲಿಯಾದರು. ಅವರಿಗೂ ಯಾರಾದರೂ "ಖಂಡಿಸಿ" ಎಂದರೇ?

ನಮ್ಮ ಕಲಬುರ್ಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು 1994ರ ಜನವರಿಯಲ್ಲಿ ಪೊಲೀಸರು ಎತ್ತಿಕೊಂಡು ಹೋದರು. ರೈಲು ಬಾಂಬ್ ಪ್ರಕರಣ. ಸುಪ್ರೀಂ ಕೋರ್ಟ್ ನಿರ್ದೋಷಿ ಎಂದು ಬಿಟ್ಟದ್ದು 2016ರ ಮೇ ತಿಂಗಳಲ್ಲಿ. ಇಪ್ಪತ್ತರ ಹುಡುಗ ನಲವತ್ತು ದಾಟಿ ಮನೆಗೆ ಬಂದ. ಆ 22 ವರ್ಷಕ್ಕೆ ಖಂಡನೆ ಹೇಳಲು ಯಾವ ಸ್ಟುಡಿಯೋದಲ್ಲಿ ಯಾರನ್ನು ಕೂರಿಸಿದಿರಿ? ಯಾವ ಪೊಲೀಸ್ ಅಧಿಕಾರಿಯನ್ನು, ಯಾವ ಮಂತ್ರಿಯನ್ನು ಕೇಳಿದಿರಿ?

ಭಟ್ಕಳದಲ್ಲಿ 1993ರ ಏಪ್ರಿಲ್‌ನಲ್ಲಿ ಹೊತ್ತಿಕೊಂಡ ಗಲಭೆ ತಿಂಗಳುಗಟ್ಟಲೆ ಉರಿಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಸಾಕ್ಷಿ ಕೇಳಿ ವರದಿ ಕೊಟ್ಟಿತು. ಮಣ್ಣಡಿಯ ಆ ಹಿರಿಯರು ಚಹಾದ ಲೋಟ ಕೆಳಗಿಟ್ಟು ನನ್ನನ್ನು ಕೇಳಿದ್ದೂ ಅದನ್ನೇ: "ಬೆಂಗಳೂರಿನವರು ನೀವು. ಆ ವರದಿ ಎಲ್ಲಿದೆ, ಸರ್?"