ಬೋಳುಗುಡ್ಡದ ದರ್ಶನ

ಸೋಣೆ ತಿಂಗಳ ಒಂದು ಆದಿತ್ಯವಾರ ಮಳೆಯು ತುಸು ಹೊಳವಾದುದನ್ನು ಕಂಡು, ಮೊಮ್ಮಗನನ್ನು ಜತೆಗೂಡಿಸಿಕೊಂಡು ನಾವು ಕುಂದಾಪುರದಿಂದ ಹೊರಟು ಬೈಂದೂರಿನಾಚೆಯ ಒತ್ತಿನೆಣೆ ಗುಡ್ಡವನ್ನೇರಿದೆವು. ಅಲ್ಲಿ ಮರಗಳು ವಿರಳ. ಕಾಲಡಿಯಲ್ಲಿ ಮುರಕಲ್ಲಿನ ಹಾಸು; ಮಗ್ಗುಲಲ್ಲಿ ಮಳೆನೀರು ಕೊರೆದ ಕೆಮ್ಮಣ್ಣಿನ ಕೊರಕಲು; ಪಡುವಣದಲ್ಲಿ ಕಡಲು.

"ಇಲ್ ಕಾಂಬುಕೆ ಎಂತ ಇತ್ತ್, ಅಜ್ಜಯ್ಯ?" ಎಂದು ಹುಡುಗನು ಕೇಳಿದನು.

ಅಮೇರಿಕಾ ದೇಶದ ದಕ್ಷಿಣ ಡಕೋಟಾ ಪ್ರಾಂತದಲ್ಲಿ ಇದಕ್ಕಿಂತಲೂ ಬರಡಾದ ನೆಲವೊಂದುಂಟು. ಲಕೋಟಾ ಜನರು ಅದನ್ನು ತಮ್ಮ ಭಾಷೆಯಲ್ಲಿ 'ಕೆಟ್ಟ ನೆಲ'ವೆಂದೇ ಕರೆದರು. ಮಳೆಗಾಳಿಗಳಿಂದ ವರ್ಷಕ್ಕೆ ಸುಮಾರು ಒಂದಂಗುಲದಂತೆ ಸವೆಯುತ್ತಿರುವ ಆ ದಿಬ್ಬಗಳನ್ನು ಅಲ್ಲಿಯ ಸರಕಾರವು 1939ರಲ್ಲಿ ರಕ್ಷಿತ ಸ್ಮಾರಕವನ್ನಾಗಿಯೂ, 1978ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿಯೂ ಮಾಡಿತು. ಬೇಟೆಯಿಂದ ಅಳಿದುಹೋಗಿದ್ದ ಬೈಸನ್ ಎಂಬ ಕಾಡುಗೂಳಿಗಳನ್ನು 1963ರಲ್ಲಿ ತಂದು ಅಲ್ಲಿ ಮರಳಿ ಬಿಟ್ಟರು. ನಾವಾದರೋ ಇಂತಹ ನೆಲಕ್ಕೆ 'ಪಾಳು' ಎಂದು ಹೆಸರಿಟ್ಟು ಸುಮ್ಮನಾಗುವೆವು.

ಇದನ್ನು ಹೇಳಿ, ಹುಡುಗನನ್ನು ಕುಕ್ಕರುಗಾಲಿನಲ್ಲಿ ಕೂರಿಸಿದೆವು. ಕಲ್ಲಿನ ಕುಳಿಗಳಲ್ಲಿ ನಿಂತ ನೀರಿನಂಚಿಗೆ ಸಾಸಿವೆಯಷ್ಟು ನೀಲಿ ಹೂಗಳು! ಆ ಗಿಡದ ಬುಡದಲ್ಲಿರುವ ಸೂಕ್ಷ್ಮ ಚೀಲಗಳು ನೀರಿನ ಕ್ರಿಮಿಗಳನ್ನು ಸೆಳೆದು ನುಂಗತಕ್ಕವು. ಬಂಡೆಯ ಮೇಲೆ ಸತ್ವವುಳ್ಳ ಮಣ್ಣಿಲ್ಲದುದರಿಂದ ಅವುಗಳಿಗೆ ಈ ಉಪಾಯ. ಅನತಿದೂರದಲ್ಲಿ ಟಿಟ್ಟಿಭವು ಕೂಗುತ್ತ ಎದ್ದಿತು; ಅದು ಬರಿನೆಲದ ಹರಳುಗಳ ನಡುವೆಯೇ ಮೊಟ್ಟೆಯಿಡುವ ಹಕ್ಕಿ. ಬ್ರಹ್ಮಾವರದ ತೆಂಕಣ ಮಣಿಪಾಲದ ಮುರಕಲ್ಲು ಬಯಲಿನಲ್ಲಿ ದೊರೆತ, ಹೆಬ್ಬೆರಳಿನುಗುರಿನಷ್ಟೇ ಇರುವ ಕಪ್ಪೆಯೊಂದನ್ನು 2016ರಲ್ಲಿ ಹೊಸ ಜಾತಿಯೆಂದು ವಿದ್ವಾಂಸರು ಲೋಕಕ್ಕೆ ತಿಳಿಸಿದರು. ಅದರ ಹೆಸರಿನಲ್ಲಿಯೂ ಈ ಕಲ್ಲಿನ ಹೆಸರೇ ಸೇರಿರುವುದು.

ಆ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ನಮ್ಮ ಕರಾವಳಿಯನ್ನೂ ಸುತ್ತಿದ್ದ ಆತನು, ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು 1807ರ ತನ್ನ ಗ್ರಂಥದಲ್ಲಿ 'ಲ್ಯಾಟರೈಟ್' ಎಂದನು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ.

ಇನ್ನು ನಮ್ಮ ಮನೆಯ ಮಾತು. ಹಿತ್ತಿಲಾಚೆಯ ನಮ್ಮ ಬೋಳುಗುಡ್ಡದಲ್ಲಿ ಕಲ್ಲು ಕಡಿಸುವುದಕ್ಕೆ ಒಬ್ಬರು ಒಳ್ಳೆಯ ಕ್ರಯವನ್ನು ಹೇಳಿದ್ದರು. ಸೋರುತ್ತಿರುವ ಮಾಡಿನ ದುರಸ್ತಿಗೆ ಆ ಹಣವು ಬೇಕಾಗಿಯೂ ಇದ್ದಿತು. ಕಲ್ಲೇ ಬೇಡವೆನ್ನಲು ನಮಗೆ ಬಾಯಿಲ್ಲ. ನಾವು ಮಲಗುವ ಮನೆಯ ಗೋಡೆಯೂ ಮುರಕಲ್ಲಿನದೇ. ಆದರೆ ತೂತುತೂತಾದ ಆ ಕಲ್ಲು ಮಳೆಗಾಲದ ನೀರನ್ನು ಹೀರಿ, ಕೆಳಗಿನ ಬಾವಿಗೂ ಬೈಲಿಗೂ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಕಡಿದು ಬಿಟ್ಟುಹೋದ ಹೊಂಡಗಳು ಮಕ್ಕಳಿಗೆ ಎಂತಹ ಅಪಾಯವೆಂಬುದನ್ನು ನಮ್ಮೂರಿನ ತಾಯಂದಿರಿಗೆ ಹೇಳಬೇಕಾದುದಿಲ್ಲ.

ಮರಳಿ ಬಂದ ರಾತ್ರಿ ಮನೆಯವರೊಡನೆ ಆಲೋಚಿಸಿ, ಕೊಡುವುದಿಲ್ಲವೆಂದು ತಿಳಿಸಿಬಿಟ್ಟೆವು. ಮಾಡಿಗೆ ಈ ವರ್ಷ ಸೋರುವಲ್ಲಿ ಮಾತ್ರ ಹೊಸ ಹಂಚು. ವಾಚಕರೇ, ತಮ್ಮ ಹಿತ್ತಿಲಾಚೆಯೂ ಇಂತಹ 'ಪಾಳು' ಇದ್ದರೆ, ಮಾರುವ ಮೊದಲು ಮಳೆಗಾಲದಲ್ಲಿ ಒಮ್ಮೆ ಮಕ್ಕಳೊಡನೆ ಅಲ್ಲಿ ಕುಳಿತು ನೋಡಬೇಕೆಂದು ಬೇಡಿಕೊಳ್ಳುತ್ತೇವೆ.